ಹೊಲಿಗೆ ಯಂತ್ರ ಕೊಟ್ಟರೆ ಸಾಲದು, ಹೊಲಿಯುವ ಬಟ್ಟೆಯನ್ನೂ ಕೊಡಿ

ಒಂದು ಊರು ತಾಲ್ಲೂಕು ಕೇಂದ್ರವಾದರೆ ಏನೇನು ಬದಲಾಗುತ್ತದೆ? ತಹಶೀಲ್ದಾರ್ ಕಚೇರಿ, ತಾಲ್ಲೂಕು ಪಂಚಾಯಿತಿ, ಖಜಾನೆ ಬರುತ್ತವೆ, ಜನರ ಓಡಾಟ ಕಡಿಮೆಯಾಗುತ್ತದೆ ಎಂದು ಹೇಳುತ್ತೇವೆ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಬದಲಾವಣೆಯೂ ಇದೆ: ಅಂದಿನಿಂದ ಸರ್ಕಾರ ಆ ಊರಿನ ದೊಡ್ಡ ಗಿರಾಕಿಯಾಗುತ್ತದೆ. ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯನ್ನೇ ನೋಡಿ. ಹಿರೇಕೆರೂರು ತಾಲ್ಲೂಕಿನ ಹೋಬಳಿಯಾಗಿದ್ದ, ಕುಮುದ್ವತಿ ನದಿಯ ದಂಡೆಯ, ಕದಂಬೇಶ್ವರ ಗುಡಿಯ ಈ ಊರು 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು. ಹೊಸ ಕಚೇರಿ ಎಂದರೆ ಹೊಸ ಕುರ್ಚಿ, ಮೇಜು, ಕಡತ, ರಿಜಿಸ್ಟರು ಬೇಕು. ಕಸ ಗುಡಿಸುವವರು, ರಾತ್ರಿ ಕಾವಲಿಗೆ ಕೂರುವವರು, ಕಂಪ್ಯೂಟರಿನಲ್ಲಿ ಮಾಹಿತಿ ತುಂಬುವವರು ಬೇಕು. ಹಾಸ್ಟೆಲಿಗೆ ಹಾಸಿಗೆ ಹೊದಿಕೆ, ಶಾಲೆಗೆ ಸಮವಸ್ತ್ರ, ಅಂಗನವಾಡಿಗೆ ಆಹಾರದ ಪೊಟ್ಟಣ ಬೇಕು. ಇವೆಲ್ಲ ಟೆಂಡರು, ದರಪಟ್ಟಿ, ಹೊರಗುತ್ತಿಗೆ ಎಂಬ ಮೂರು ಬಾಗಿಲುಗಳಿಂದ ಬರುತ್ತವೆ. ಆ ಬಾಗಿಲುಗಳ ಬಳಿ ಅಂಗವಿಕಲರಿಗೆಂದು ಇಟ್ಟ ಜಾಗ ಯಾವುದೂ ಇಲ್ಲ ಎಂಬುದು ಈ ಲೇಖನದ ಚಿಂತೆ.

ಕಾನೂನು ಸುಮ್ಮನೆ ಕೂತಿಲ್ಲ. 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರ ಮೀಸಲಾತಿ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿತು, ಅಂಗವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಕರ್ನಾಟಕದಲ್ಲಿ ಸಿ ಮತ್ತು ಡಿ ದರ್ಜೆಯ ಹುದ್ದೆಗಳಿಗೆ ಶೇ 5ರ ಮೀಸಲಾತಿ ಇದೆ. ಆದರೆ ಈ ಲೆಕ್ಕವೆಲ್ಲ ಮಂಜೂರಾದ ಹುದ್ದೆಗಳ ಮೇಲೆ ನಿಂತಿದೆ. ಕಳೆದ ಎರಡು ಮೂರು ದಶಕಗಳಲ್ಲಿ ಸರ್ಕಾರಿ ಕಚೇರಿಯ ಕೆಳಹಂತದ ಕೆಲಸ ಹುದ್ದೆಯಾಗಿ ಉಳಿದಿಲ್ಲ. ಜವಾನ, ಚಾಲಕ, ಕಾವಲುಗಾರ, ಅಡುಗೆಯವರು, ಡೇಟಾ ಎಂಟ್ರಿ ಆಪರೇಟರ್‌ಗಳು ಏಜೆನ್ಸಿಯ ಮೂಲಕ ಬರುತ್ತಿದ್ದಾರೆ. ಯಾವ ದರ್ಜೆಯಲ್ಲಿ ಅಂಗವಿಕಲರಿಗೆ ಅತಿ ಹೆಚ್ಚು ಅವಕಾಶ ಇತ್ತೋ ಅದೇ ದರ್ಜೆ ಕರಗಿ ಗುತ್ತಿಗೆಯಾಗಿದೆ. ಶೇಕಡಾವಾರು ಏರಿತು, ಅದನ್ನು ಲೆಕ್ಕ ಹಾಕುವ ಮೂಲಸಂಖ್ಯೆ ಕುಗ್ಗಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ದೇಶದ ಈ ಜನರಲ್ಲಿ ಶೇ 69ರಷ್ಟು ಹಳ್ಳಿಗಳಲ್ಲೇ ಇದ್ದವರು. ಯಾವುದಾದರೂ ದುಡಿಮೆಯಲ್ಲಿದ್ದವರು ಶೇ 36 ಮಾತ್ರ. ಹೆಂಗಸರಲ್ಲಿ ಆ ಪ್ರಮಾಣ ಶೇ 23ಕ್ಕೆ ಇಳಿಯುತ್ತದೆ. ರಟ್ಟೀಹಳ್ಳಿಯಂಥ ಕಡೆ ಕಾರ್ಖಾನೆ ಇಲ್ಲ, ಸಾಫ್ಟ್‌ವೇರ್ ಕಂಪನಿ ಇಲ್ಲ. ಗೋವಿನಜೋಳ, ಹತ್ತಿಯ ಹೊಲದ ಕೆಲಸ ಬಿಟ್ಟರೆ ಉಳಿಯುವ ಕೂಲಿ ಸರ್ಕಾರದ ದುಡ್ಡಿನಿಂದ ಹುಟ್ಟುವ ಕೂಲಿಯೇ. ಹೊಲದಲ್ಲಿ ಬಾಗಿ ದುಡಿಯಲಾಗದವರಿಗೆ ಆ ಎರಡನೆಯದೂ ಮುಚ್ಚಿದರೆ ಉಳಿಯುವುದು ಮನೆಯ ಕಟ್ಟೆ.

ಸದ್ಯ ಅವರಿಗೆ ಸಿಗುತ್ತಿರುವುದೇನು? ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇದ್ದವರಿಗೆ ತಿಂಗಳಿಗೆ 1,400 ರೂಪಾಯಿ, ಅದಕ್ಕಿಂತ ಕಡಿಮೆ ಇದ್ದವರಿಗೆ 800 ರೂಪಾಯಿ ಮಾಸಾಶನ. ಸ್ವಂತ ಉದ್ಯೋಗಕ್ಕೆ ‘ಆಧಾರ’ ಯೋಜನೆಯ ಸಾಲ, ಸಹಾಯಧನ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರ ಏಳಿಗೆಗೆ ಎತ್ತಿಡಬೇಕೆಂಬ ನಿಯಮವೂ ಇದೆ. ಆ ಹಣ ಸಾಮಾನ್ಯವಾಗಿ ತ್ರಿಚಕ್ರ ಸೈಕಲ್, ಹೊಲಿಗೆ ಯಂತ್ರ, ವೈದ್ಯಕೀಯ ನೆರವಿನ ರೂಪದಲ್ಲಿ ಹಂಚಿಕೆಯಾಗುತ್ತದೆ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಹೊಲಿಗೆ ಯಂತ್ರ ಮನೆಗೆ ಬಂದ ಮೇಲೆ ಹೊಲಿಯಲು ಬಟ್ಟೆ ಎಲ್ಲಿಂದ ಬರಬೇಕು? ಸಿದ್ಧ ಉಡುಪು ಸಂತೆಯಲ್ಲೇ ಅಗ್ಗಕ್ಕೆ ಸಿಗುವಾಗ ಹಳ್ಳಿಯಲ್ಲಿ ಸೀರೆಗೆ ಫಾಲ್ ಹಚ್ಚಿ ಎಷ್ಟು ಗಳಿಸಬಹುದು? ಅದೇ ತಾಲ್ಲೂಕಿನ ಶಾಲೆ, ಹಾಸ್ಟೆಲುಗಳಿಗೆ ಪ್ರತಿವರ್ಷ ಸಾವಿರಾರು ಮೀಟರ್ ಬಟ್ಟೆ ಬರುತ್ತದೆ. ಯಂತ್ರ ಕೊಟ್ಟ ಸರ್ಕಾರಕ್ಕೂ ಬಟ್ಟೆ ಕೊಳ್ಳುವ ಸರ್ಕಾರಕ್ಕೂ ನಡುವೆ ಮಾತುಕತೆಯೇ ಇಲ್ಲ. ಶೇ 5ರಲ್ಲಿ ದಯೆ ಇದೆ. ಉಳಿದ ಶೇ 95ರಲ್ಲಿ ಅಂಗವಿಕಲರ ನೆನಪೇ ಇಲ್ಲ.

ಸರ್ಕಾರದ ಖರೀದಿಯಿಂದ ಬದುಕು ಕಟ್ಟಬಹುದು ಎಂಬುದಕ್ಕೆ ದೂರದ ಸಾಕ್ಷಿ ಬೇಡ. ಹಾವೇರಿ 1997ರವರೆಗೆ ಯಾವ ಜಿಲ್ಲೆಯ ಭಾಗವಾಗಿತ್ತೋ ಆ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರ ನವೆಂಬರ್ 1ರಂದು ಹುಟ್ಟಿದ, ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ರಾಷ್ಟ್ರಧ್ವಜ ಕೈಯಿಂದ ನೂತು ನೇಯ್ದ ಖಾದಿಯದೇ ಆಗಿರಬೇಕು, ಭಾರತೀಯ ಮಾನಕ ಬ್ಯೂರೊ ಹೇಳಿದ ಅಳತೆ, ಬಣ್ಣ, ಎಳೆಯ ಲೆಕ್ಕಕ್ಕೆ ಹೊಂದಿರಬೇಕು ಎಂಬ ನಿಯಮ ಇದ್ದುದರಿಂದಲೇ ಧಾರವಾಡ ಬಳಿಯ ಗರಗದ ಮಗ್ಗಗಳಿಗೂ ಬೆಂಗೇರಿಯ ಹೊಲಿಗೆ ವಿಭಾಗದ ಹೆಣ್ಣುಮಕ್ಕಳಿಗೂ ವರ್ಷಗಟ್ಟಲೆ ಕೆಲಸ ಸಿಕ್ಕಿತು. ದೊಡ್ಡ ಜವಳಿ ಗಿರಣಿಗಳ ಜೊತೆ ಮುಕ್ತ ಸ್ಪರ್ಧೆಗೆ ಬಿಟ್ಟಿದ್ದರೆ ಈ ಘಟಕ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ. ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆಯಲ್ಲಿ ಒಂದು ಪಾಲನ್ನು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಿಂದ ಕೊಂಡದ್ದೂ ಇದೇ ಬಗೆಯದು. ಮಕ್ಕಳ ಅಂಗಿಯ ಬೇಡಿಕೆ ನೇಕಾರರ ಮನೆಯ ಮಗ್ಗ ಆಡಿಸಿತು. ಅಂಗನವಾಡಿಯ ಆಹಾರವನ್ನೂ ನೋಡಿ. ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದು, ಸ್ವಸಹಾಯ ಗುಂಪು, ಮಹಿಳಾ ಮಂಡಲಗಳ ಮೂಲಕ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಮಹಿಳಾ ಪೂರಕ ಪೌಷ್ಟಿಕ ಆಹಾರ ತಯಾರಿಕೆ ಮತ್ತು ತರಬೇತಿ ಕೇಂದ್ರಗಳು ಈ ಕೆಲಸಕ್ಕೆ ನಿಂತವು.

ನಿಯಮಪುಸ್ತಕದಲ್ಲೂ ದಾರಿ ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಖಾದಿ, ಕೈಮಗ್ಗದ ವಸ್ತುಗಳ ಖರೀದಿಯನ್ನು ಕಾಯ್ದಿರಿಸಿವೆ. 2012ರ ಸಾರ್ವಜನಿಕ ಖರೀದಿ ನೀತಿ ಆದೇಶದಂತೆ ಕೇಂದ್ರದ ಇಲಾಖೆಗಳು, ಉದ್ಯಮಗಳು ವಾರ್ಷಿಕ ಖರೀದಿಯ ಶೇ 20ನ್ನು ಸಣ್ಣ ಉದ್ಯಮಗಳಿಂದ ಮಾಡಬೇಕಿತ್ತು. 2018ರಲ್ಲಿ ಅದು ಶೇ 25 ಆಯಿತು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಶೇ 4, ಮಹಿಳೆಯರಿಗೆ ಶೇ 3 ಎಂಬ ಒಳಪಾಲು ಇದೆ. ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಿಟ್ಟರು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಹುದ್ದೆಗಳು ಕರಗಿ ಹಣ ಗುತ್ತಿಗೆಯತ್ತ ಹರಿಯುತ್ತಿದೆ, ಆದ್ದರಿಂದ ನ್ಯಾಯವೂ ಆ ಕಡೆ ಹರಿಯಬೇಕು ಎಂಬ ಮಾತನ್ನು ಶಾಸನಸಭೆ ಒಪ್ಪಿದಂತಾಯಿತು. ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಕೊಡಬೇಕು ಎಂಬ ಸುತ್ತೋಲೆ 2024ರ ಮೇ ತಿಂಗಳಲ್ಲಿ ಬಂದದ್ದೂ ಅದೇ ತರ್ಕದಿಂದ. ಜಾತಿಯ ಕಾರಣಕ್ಕೆ, ಹೆಣ್ಣೆಂಬ ಕಾರಣಕ್ಕೆ ಹೊರಗುಳಿದವರಿಗೆ ಖರೀದಿಯಲ್ಲಿ ಪಾಲು ಕೊಡಬಹುದಾದರೆ ಅಂಗವೈಕಲ್ಯದ ಕಾರಣಕ್ಕೆ ಹೊರಗುಳಿದವರಿಗೆ ಕೊಡಬಾರದೇಕೆ? ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ 5ರ ಪಾಲನ್ನು 2016ರ ಕಾಯ್ದೆಯ 37ನೇ ಕಲಮೇ ಹೇಳುತ್ತದೆ. ಖರೀದಿಯ ನಿಯಮದಲ್ಲಿ ಅಂಥದೊಂದು ಸಾಲು ಸೇರಿಲ್ಲ, ಅಷ್ಟೇ.

ಈ ಸಾಲನ್ನು ಬೇರೆ ದೇಶಗಳು ಬಹಳ ಹಿಂದೆಯೇ ಸೇರಿಸಿವೆ. ಅಮೆರಿಕದಲ್ಲಿ 1938ರಲ್ಲಿ ವ್ಯಾಗ್ನರ್–ಓಡೇ ಕಾಯ್ದೆ ಬಂತು: ಅಂಧರು ಕಟ್ಟುವ ಪೊರಕೆ, ನೆಲ ಒರೆಸುವ ಮಾಪುಗಳನ್ನು ಕೇಂದ್ರ ಸರ್ಕಾರ ಅವರಿಂದಲೇ ಕೊಳ್ಳಬೇಕು. 1971ರಲ್ಲಿ ಸೆನೆಟರ್ ಜೇಕಬ್ ಜಾವಿಟ್ಸ್ ತಂದ ತಿದ್ದುಪಡಿ ಅದನ್ನು ಇತರ ತೀವ್ರ ಅಂಗವೈಕಲ್ಯದವರಿಗೂ, ಸರಕಿನ ಜೊತೆ ಸೇವೆಗಳಿಗೂ ಹಿಗ್ಗಿಸಿತು. ‘ಎಬಿಲಿಟಿ ಒನ್’ ಎಂದು ಕರೆಯುವ ಆ ಕಾರ್ಯಕ್ರಮದಲ್ಲಿ ಪೂರೈಕೆ ಸಂಸ್ಥೆಯ ಒಟ್ಟು ನೇರ ದುಡಿಮೆಯ ಗಂಟೆಗಳಲ್ಲಿ ಶೇ 75ನ್ನು ಅಂಧರು ಅಥವಾ ತೀವ್ರ ಅಂಗವೈಕಲ್ಯ ಇದ್ದವರೇ ಮಾಡಿರಬೇಕು. ಅಲ್ಲಿನ ಸರ್ಕಾರಿ ಕಚೇರಿಗಳ ಮೇಜಿನ ಮೇಲಿರುವ ‘ಸ್ಕಿಲ್‌ಕ್ರಾಫ್ಟ್’ ಪೆನ್ನು ಅಂಧ ಕಾರ್ಮಿಕರು ಜೋಡಿಸಿದ್ದು. ಯುರೋಪ್ ಒಕ್ಕೂಟದ 2014ರ ಖರೀದಿ ನಿರ್ದೇಶನ ಇನ್ನೊಂದು ದಾರಿ ಹಿಡಿದಿದೆ: ಕೆಲಸಗಾರರಲ್ಲಿ ಕನಿಷ್ಠ ಶೇ 30 ಮಂದಿ ಅಂಗವಿಕಲರು ಅಥವಾ ಬೇರೆ ಕಾರಣಕ್ಕೆ ಹಿಂದುಳಿದವರು ಇರುವ ಸಂಸ್ಥೆಗಳಿಗೆಂದೇ ಕೆಲವು ಟೆಂಡರುಗಳನ್ನು ಮೀಸಲಿಡಬಹುದು. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ.

ಕೆಲಸ ಹೇಗೆ ನಡೆದೀತು ಎಂಬುದನ್ನು ಒಂದು ಸಾದಾ ವಸ್ತುವಿನಲ್ಲಿ ನೋಡೋಣ. ಕಚೇರಿಯ ಕಡತ: ಎರಡು ರಟ್ಟು, ನಡುವೆ ಬಟ್ಟೆಯ ಬೆನ್ನು, ಮೂಲೆಯಲ್ಲಿ ತೂತು, ಆ ತೂತಿಗೆ ಲೋಹದ ಬಳೆ, ಅದರೊಳಗೆ ಪೋಣಿಸಿದ ದಾರದ ಟ್ಯಾಗು, ಹೊರಗೆ ಕಟ್ಟಲು ಲಾಡಿ. ರಟ್ಟು ಕತ್ತರಿಸುವ ಯಂತ್ರಕ್ಕೆ ಕಣ್ಣು ಚುರುಕಾಗಿರುವವರು ಬೇಕು, ಕಿವಿ ಕೇಳಿಸದಿದ್ದರೂ ನಡೆಯುತ್ತದೆ. ಬೆನ್ನಿಗೆ ಅಂಟು ಹಚ್ಚಿ ಒತ್ತುವ ಕೆಲಸ ಕೂತೇ ಆಗುತ್ತದೆ, ಕಾಲಿನ ಬಲ ಬೇಡ. ರಟ್ಟನ್ನು ಅಚ್ಚಿನ ಅಂಚಿಗೆ ತಾಗಿಸಿ ಹಿಡಿಕೆ ಒತ್ತಿದರೆ ತೂತು ಸರಿಯಾದ ಜಾಗದಲ್ಲೇ ಬೀಳುತ್ತದೆ. ಇದನ್ನೂ ಟ್ಯಾಗು ಪೋಣಿಸುವುದನ್ನೂ ಬೆರಳ ಸ್ಪರ್ಶದಿಂದ ಅಂಧರು ಮಾಡಬಲ್ಲರು. ಇಪ್ಪತ್ತೈದರ ಕಟ್ಟು ಕಟ್ಟಿ ಎಣಿಸಿಡುವ, ದಿನವೂ ಒಂದೇ ಕ್ರಮದ ಕೆಲಸವನ್ನು ಬೌದ್ಧಿಕ ಅಂಗವೈಕಲ್ಯ ಇರುವ ಯುವಕರು ಅಭ್ಯಾಸದ ಮೇಲೆ ಅಚ್ಚುಕಟ್ಟಾಗಿ ಮಾಡುತ್ತಾರೆ. ಒಂದು ಹಾಲು, ನಾಲ್ಕು ಮೇಜು, ಇಳಿಜಾರಿನ ದಾರಿ, ಬಳಸಬಹುದಾದ ಶೌಚಾಲಯ ಇದ್ದರೆ ಘಟಕ ನಿಲ್ಲುತ್ತದೆ. ನಿಲ್ಲದಂತೆ ಮಾಡುವುದು ಟೆಂಡರಿನ ಷರತ್ತುಗಳು. ಹಿಂದಿನ ವರ್ಷಗಳ ವಹಿವಾಟಿನ ಲೆಕ್ಕಪತ್ರ ತೋರಿಸಿ, ಇಂಥದೇ ಸಾಮಗ್ರಿಯನ್ನು ಇನ್ನೊಂದು ಇಲಾಖೆಗೆ ಪೂರೈಸಿದ ಪ್ರಮಾಣಪತ್ರ ತನ್ನಿ, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಿ, ಬಿಲ್ಲು ಪಾಸಾಗುವವರೆಗೆ ಕಾಯಿರಿ. ಈಗಷ್ಟೇ ಹುಟ್ಟಿದ ಗುಂಪಿಗೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರದ ಆದೇಶ ಟೆಂಡರ್ ಶುಲ್ಕ, ಇಎಂಡಿ ಎರಡನ್ನೂ ಮನ್ನಾ ಮಾಡಿದೆ. ಅದೇ ರಿಯಾಯಿತಿಯನ್ನು ತಾಲ್ಲೂಕಿನ ಖರೀದಿಗೂ ತಂದು, ಮೂವತ್ತು ದಿನದೊಳಗೆ ಹಣ ಪಾವತಿಯ ಖಾತರಿ ಸೇರಿಸಿದರೆ ಬಾಗಿಲು ಅರ್ಧ ತೆರೆದಂತೆ.

ಇಷ್ಟು ಹೇಳಿದೊಡನೆ ಏಳುವ ಮೊದಲ ಆಕ್ಷೇಪ ದರ ಮತ್ತು ಗುಣಮಟ್ಟದ್ದು. ತೆರಿಗೆದಾರರ ಹಣದಿಂದ ದುಬಾರಿ, ಕಳಪೆ ಮಾಲು ಕೊಳ್ಳಬೇಕೇ ಎಂದು ಕೇಳುವವರ ಕಾಳಜಿ ಸುಳ್ಳಲ್ಲ. ಗುಣಮಟ್ಟದಲ್ಲಿ ಒಂದಿಷ್ಟೂ ರಿಯಾಯಿತಿ ಬೇಡ ಎಂಬುದೇ ನನ್ನ ನಿಲುವು. ಬೆಂಗೇರಿಯ ಧ್ವಜಕ್ಕೆ ಇದ್ದಷ್ಟೇ ಕಠಿಣ ಪರೀಕ್ಷೆ ಇಲ್ಲಿಯೂ ಇರಲಿ. ಕಳಪೆಯನ್ನು ಕರುಣೆಯಿಂದ ಒಪ್ಪಿಕೊಂಡರೆ ಕೊನೆಗೆ ಹಾಳಾಗುವುದು ಮಾಡಿದವರ ಹೆಸರೇ. ದರಕ್ಕೂ ಉತ್ತರ ಸಿದ್ಧವಿದೆ: 2012ರ ಆದೇಶದಲ್ಲಿ ಸಣ್ಣ ಉದ್ಯಮವೊಂದು ಕನಿಷ್ಠ ದರಕ್ಕಿಂತ ಶೇ 15ರೊಳಗೆ ಹೆಚ್ಚು ಕೂಗಿದ್ದರೆ, ಆ ಕನಿಷ್ಠ ದರಕ್ಕೇ ಇಳಿದು ಒಂದು ಪಾಲು ಪೂರೈಸುವ ಅವಕಾಶ ಕೊಡಲಾಗುತ್ತದೆ. ಖಜಾನೆಗೆ ಹೆಚ್ಚಿನ ಹೊರೆ ಇಲ್ಲ, ಗುಂಪಿಗೆ ಕೆಲಸ ಸಿಗುತ್ತದೆ. ಉದ್ಯೋಗ ಖಾತರಿಯಲ್ಲಂತೂ ನಮ್ಮ ರಾಜ್ಯ ಇದಕ್ಕಿಂತ ಮುಂದೆ ಹೋಗಿ, ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ 50ರ ವಿನಾಯಿತಿ ಕೊಟ್ಟು ಪೂರ್ತಿ ಕೂಲಿ ಕೊಟ್ಟಿದೆ. ಮಣ್ಣು ಹೊರುವ ಕಡೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಡಲು ಒಪ್ಪಿದವರು, ಪೂರ್ತಿ ಕೆಲಸ ಮಾಡಬಲ್ಲ ಮೇಜನ್ನು ಒದಗಿಸಲು ಹಿಂಜರಿಯಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಅಂಗವಿಕಲರ ಹೆಸರು, ಬೇರೆಯವರ ಲಾಭ. ಸ್ಥಳೀಯ ಗುತ್ತಿಗೆದಾರ ನಾಲ್ವರ ಅಂಗವೈಕಲ್ಯದ ಗುರುತಿನ ಚೀಟಿಯ (ಯುಡಿಐಡಿ) ನಕಲು ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಪೇಟೆಯಲ್ಲಿ ಕೊಂಡ ಮಾಲನ್ನು ಕಚೇರಿಗೆ ಸುರಿಯುವುದಿಲ್ಲವೇ? ಮೀಸಲು ಕಾಮಗಾರಿಗಳಲ್ಲೂ, ಮಹಿಳಾ ಗುಂಪುಗಳ ಆಹಾರ ಪೂರೈಕೆಯಲ್ಲೂ ಬೇನಾಮಿಯ ದೂರುಗಳು ಕೇಳಿಬಂದಿವೆ. ಇದಕ್ಕೆ ಮಾಲೀಕತ್ವದ ಕಾಗದವನ್ನು ಬಿಟ್ಟು ದುಡಿಮೆಯ ಗಂಟೆಯನ್ನು ಅಳೆಯುವುದೇ ಮದ್ದು. ಅಮೆರಿಕದ ನಿಯಮದ ಗಟ್ಟಿತನ ಇರುವುದು ಅಲ್ಲಿಯೇ: ಯಾರ ಹೆಸರಲ್ಲಿದೆ ಎಂದು ಕೇಳದೆ, ಯಾರು ದುಡಿದರು ಎಂದು ಅದು ಕೇಳುತ್ತದೆ. ಹಾಜರಿ ಪುಸ್ತಕ, ದುಡಿದವರ ಬ್ಯಾಂಕ್ ಖಾತೆಗೆ ನೇರವಾಗಿ ಬಿದ್ದ ಕೂಲಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ ಓದುವುದು. ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆಯಿಂದ ಇವೆಲ್ಲ ನಮ್ಮ ಪಂಚಾಯಿತಿಗಳಿಗೆ ಪರಿಚಿತ ಕ್ರಮಗಳೇ. ಮೋಸ ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ. ಆದರೆ ಮೋಸವಾದೀತೆಂಬ ಭಯದಿಂದ ಹಕ್ಕನ್ನೇ ಕೊಡದಿರುವುದು ಮೋಸಹೋಗುವವರಿಗೇ ಶಿಕ್ಷೆ ಕೊಟ್ಟಂತೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಂಗವಿಕಲರ ಚಳವಳಿಯೊಳಗಿಂದಲೇ ಬಂದ ಆಕ್ಷೇಪ. ಅಂಗವಿಕಲರನ್ನೆಲ್ಲ ಒಂದು ಶೆಡ್ಡಿನಲ್ಲಿ ಕೂಡಿಸಿ ಪೊರಕೆ ಕಟ್ಟಿಸುವುದು ಅವರನ್ನು ಊರಿನಿಂದ ಬೇರ್ಪಡಿಸಿದಂತೆ ಎಂದು ಅವರು ಹೇಳುತ್ತಾರೆ. ಅಮೆರಿಕದ ಅನುಭವ ಈ ಮಾತಿಗೆ ಬಲ ಕೊಡುತ್ತದೆ. ಅಲ್ಲಿನ ಕಾರ್ಮಿಕ ಕಾನೂನಿನ ಒಂದು ವಿನಾಯಿತಿ ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ದಶಕಗಳ ಕಾಲ ಅನುಮತಿಸಿತು. ಸರ್ಕಾರದ ಈ ಗುತ್ತಿಗೆಗಳಲ್ಲಿ ಅದನ್ನು ನಿಷೇಧಿಸಿದ್ದು 2022ರಲ್ಲಿ. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಸಮಿತಿಯೂ ಇಂಥ ಪ್ರತ್ಯೇಕ ಕಾರ್ಯಾಗಾರಗಳು ಒಡಂಬಡಿಕೆಗೆ ಹೊಂದುವುದಿಲ್ಲ ಎಂದು 2022ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಶೇ 75ರ ಅಮೆರಿಕದ ಮಾದರಿಗಿಂತ ಶೇ 30ರ ಯುರೋಪಿನ ಮಾದರಿ ನಮ್ಮ ತಾಲ್ಲೂಕುಗಳಿಗೆ ಹೊಂದುತ್ತದೆ. ಕಡತ ಮಾಡುವ ಘಟಕದಲ್ಲಿ ಅಂಗವಿಕಲರ ಪಕ್ಕದಲ್ಲೇ ಊರಿನ ಇತರ ಹೆಣ್ಣುಮಕ್ಕಳೂ ಕೂರಲಿ, ಎಲ್ಲರಿಗೂ ಕಾನೂನು ಹೇಳುವ ಕನಿಷ್ಠ ಕೂಲಿ ಒಂದೇ ಆಗಿರಲಿ. ಇಷ್ಟೇ ಮುಖ್ಯವಾದದ್ದು ಕಚೇರಿಯೊಳಗಿನ ಕೆಲಸ. ಡೇಟಾ ಎಂಟ್ರಿ, ಟಪಾಲು ವಿಭಾಗ, ವಿಚಾರಣೆ ಕೌಂಟರು, ದೂರವಾಣಿಗೆ ಜನ ಒದಗಿಸುವ ಏಜೆನ್ಸಿ ಶೇ 5ರಷ್ಟು ಅಂಗವಿಕಲರನ್ನು ಕೊಡಬೇಕು ಎಂಬ ಒಂದೇ ಷರತ್ತು ಅವರನ್ನು ಶೆಡ್ಡಿಗೆ ಕಳಿಸದೆ ಎಲ್ಲರ ನಡುವೆ ಕೂರಿಸುತ್ತದೆ. 2016ರ ಕಾಯ್ದೆಯ 21ನೇ ಕಲಮಿನಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಟೆಂಡರ್ ಹಾಕುವವರಿಂದ ಆ ನೀತಿಯ ಪ್ರತಿಯನ್ನು ಕೇಳಿದರೂ ಒಂದು ಆರಂಭವಾಗುತ್ತದೆ.

ಗುತ್ತಿಗೆ ಪದ್ಧತಿಯೇ ಶೋಷಣೆ, ಅಂಗವಿಕಲರನ್ನೂ ಅದಕ್ಕೇಕೆ ನೂಕುತ್ತೀರಿ ಎಂದು ಕಾರ್ಮಿಕ ಸಂಘಟನೆಯವರು ಕೇಳಿದರೆ ಅದರಲ್ಲಿ ನ್ಯಾಯವಿದೆ. ನಮ್ಮ ಪೌರಕಾರ್ಮಿಕರು ಗುತ್ತಿಗೆದಾರನ ಕೈಯಿಂದ ಬಿಡಿಸಿಕೊಂಡು ನೇರ ವೇತನ ಪಡೆಯಲು ವರ್ಷಗಟ್ಟಲೆ ಹೋರಾಡಿದ್ದಾರೆ. 2007–08ರಿಂದ ಗ್ರಾಮ ಪಂಚಾಯಿತಿಗೊಬ್ಬರಂತೆ ನೇಮಕವಾಗಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ಅಂಗವಿಕಲರು. ಪ್ರಮಾಣಪತ್ರ, ಮಾಸಾಶನ, ಸಮೀಕ್ಷೆ ಎಂದು ಮನೆಮನೆ ಅಲೆಯುವ ಅವರಿಗೆ ಇಂದಿಗೂ ಸಂಬಳವಿಲ್ಲ, ಇರುವುದು ಗೌರವಧನ. ಅವರನ್ನು ಕಾಯಂ ಮಾಡಬೇಕೆಂಬ ಬೇಡಿಕೆ ನ್ಯಾಯವಾದದ್ದು. ಹುದ್ದೆಯ ಮೀಸಲಾತಿಯನ್ನು ಬಿಟ್ಟುಕೊಡಿ, ಗುತ್ತಿಗೆ ತಗೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸರ್ಕಾರ ಹೇಗೂ ಕೊಳ್ಳುವ ಮಾಲಿನಲ್ಲಿ, ಹೇಗೂ ಹೊರಗೆ ಕೊಡುವ ಕೆಲಸದಲ್ಲಿ ಪಾಲು ಕೇಳುತ್ತಿದ್ದೇನೆ. ಅದೂ ಮಧ್ಯವರ್ತಿಯ ಕೈಗೆ ಬೀಳದೆ ಗುಂಪಿನ, ಸಹಕಾರ ಸಂಘದ ಕೈಗೆ ಬರಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಈ ವಾದ ತನಗೇ ಹೇಳಿಕೊಳ್ಳಬೇಕು. ಸರ್ಕಾರದ ಒಂದು ನಿಯಮದಿಂದ ಹುಟ್ಟಿದ ಬದುಕು ಇನ್ನೊಂದು ನಿಯಮದಿಂದ ಕುಸಿಯಬಹುದು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅನುಮತಿ ಕೊಟ್ಟಾಗ ಬೆಂಗೇರಿಯ ಬೇಡಿಕೆಗೆ ಪೆಟ್ಟು ಬಿತ್ತು, ಅಲ್ಲಿನವರು ಪ್ರತಿಭಟನೆಗೆ ಕೂತರು. ಅದಕ್ಕೂ ಮೊದಲು ಎಸ್‌ಟಿಡಿ ಬೂತುಗಳ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಊರೂರಿನ ಬಸ್ ನಿಲ್ದಾಣದಲ್ಲಿ ಅದೇ ಅವರ ಅಂಗಡಿಯಾಗಿತ್ತು. ಮೊಬೈಲ್ ಬಂದು ಬೂತು ಖಾಲಿಯಾದಾಗ ಅವರಿಗೆ ಬದಲಿ ದಾರಿಯನ್ನು ಯಾರೂ ತೋರಿಸಲಿಲ್ಲ. ಕಡತವೂ ನಾಳೆ ಇ-ಆಫೀಸಿನಲ್ಲಿ ಮಾಯವಾಗಬಹುದು. ಹಾಗಾಗಿ ಮೀಸಲಾತಿ ಒಂದು ವಸ್ತುವಿಗೆ ಅಂಟಿಕೊಳ್ಳಬಾರದು, ಒಟ್ಟು ಖರೀದಿಯ ಮೊತ್ತಕ್ಕೆ ಅಂಟಿಕೊಳ್ಳಬೇಕು. ರಟ್ಟು ಹೋದರೆ ದಾಖಲೆ ಸ್ಕ್ಯಾನಿಂಗ್ ಬರಲಿ, ಹೊಲಿಗೆ ಹೋದರೆ ಬಟ್ಟೆ ತೊಳೆಯುವ ಘಟಕ ಬರಲಿ, ಪಾಲು ಮಾತ್ರ ಉಳಿಯಲಿ.

ಇದನ್ನೆಲ್ಲ ಆರಂಭಿಸಲು ಹೊಸ ತಾಲ್ಲೂಕಿಗಿಂತ ಒಳ್ಳೆಯ ಜಾಗವಿಲ್ಲ. ಹಳೆಯ ಪೂರೈಕೆದಾರರ ಬೇರು ಅಲ್ಲಿ ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಸಣ್ಣ ಮೊತ್ತದ ಖರೀದಿಗೆ ಕೆಟಿಪಿಪಿ ಕಾಯ್ದೆಯೇ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ; ದೊಡ್ಡದಕ್ಕೆ 4(ಜಿ) ಕಲಮಿನಡಿ ಸರ್ಕಾರ ಅಧಿಸೂಚನೆ ಹೊರಡಿಸಬಹುದು, ಹಲವು ನಿಗಮ, ಸಂಸ್ಥೆಗಳಿಗೆ ಹೊರಡಿಸಿಯೂ ಇದೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ ಅಂಗವಿಕಲರ ಸ್ವಸಹಾಯ ಗುಂಪಿಗೆ ಐವರು ಸಾಕು, ಗಂಡಸರೂ ಹೆಂಗಸರೂ ಕೂಡಿ ಇರಬಹುದು. ಗುಂಪು ಕಟ್ಟಲು ಯಾರ ಮನೆಯಲ್ಲಿ ಯಾರಿದ್ದಾರೆಂದು ಬಲ್ಲ ಪುನರ್ವಸತಿ ಕಾರ್ಯಕರ್ತರು ಪ್ರತಿ ಪಂಚಾಯಿತಿಯಲ್ಲಿದ್ದಾರೆ. ಘಟಕಕ್ಕೆ ಬೇಕಾದ ಯಂತ್ರವನ್ನು ಪಂಚಾಯಿತಿಯ ಶೇ 5ರ ಹಣದಿಂದಲೇ ಕೊಳ್ಳಬಹುದು. ರಟ್ಟೀಹಳ್ಳಿಯ ಓದುಗರು, ಪಕ್ಕದ ಹಿರೇಕೆರೂರಿನವರು, ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರಿನವರು ತಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಸಮನ್ವಯ ಗ್ರಾಮಸಭೆ ಕರೆದಾಗ ದಯವಿಟ್ಟು ಹೋಗಿ. ಶೇ 5ರ ಹಣ ಯಾರಿಗೆ ಹಂಚಿದಿರಿ ಎಂಬ ಪ್ರಶ್ನೆಯನ್ನು ಹೇಗೂ ಯಾರಾದರೂ ಕೇಳುತ್ತಾರೆ. ನೀವು ಇನ್ನೊಂದನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ: ಈ ವರ್ಷ ಪಂಚಾಯಿತಿ ಕೊಂಡ ಮಾಲಿನಲ್ಲಿ, ಕೊಟ್ಟ ಗುತ್ತಿಗೆಯಲ್ಲಿ ಎಷ್ಟು ರೂಪಾಯಿ ಅಂಗವಿಕಲರ ದುಡಿಮೆಗೆ ಹೋಯಿತು?